ರೀಫಂಡ್ ಕೇಳಿದರೆ ಕಾಯಿನ್ ಕೊಟ್ಟರು: ಪ್ರವಾಸದ ಆ್ಯಪ್ ಬಳಸುವವರು ದಯವಿಟ್ಟು ಓದಿ

ವಿಮಾನದ ಟಿಕೆಟ್, ಹೋಟೆಲ್ ರೂಮು, ಕ್ರೆಡಿಟ್ ಕಾರ್ಡಿನ ಪಾಯಿಂಟ್ಸ್, ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳಬಹುದು ಅನ್ನುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಬುಕ್ ಮಾಡಿದಷ್ಟೂ ಕಾಯಿನ್ ಸಿಗುತ್ತದೆ, ಆ ಕಾಯಿನ್‌ನಲ್ಲಿ ಮುಂದಿನ ಪ್ರವಾಸ ಅಗ್ಗವಾಗುತ್ತದೆ ಅನ್ನುತ್ತಾರೆ. ಇಂಥ ಒಂದು ಆ್ಯಪ್‌ನಿಂದ ನಮ್ಮ ಮನೆಯಲ್ಲಿ ಏನಾಯಿತು ಅಂತ ಬರೆಯುತ್ತಿದ್ದೇನೆ. ರಜೆಗೆ ಅಂತ ಈಗಿನಿಂದಲೇ ಟಿಕೆಟ್ ನೋಡುತ್ತಿರುವವರು, ಅದರಲ್ಲೂ ವಯಸ್ಸಾದ ತಂದೆ ತಾಯಿಗೆ ಟಿಕೆಟ್ ಮಾಡಿಸುವವರು, ಪೂರ್ತಿ ಓದಿ.

ಅತ್ತೆ ಮಾವನವರಿಗೆ ಕಾಶಿಗೆ ಹೋಗಬೇಕೆಂಬ ಆಸೆ ಬಹಳ ವರ್ಷದ್ದು. ಅಷ್ಟು ದೂರ ರೈಲಿನಲ್ಲಿ ಕೂರಲು ಮಾವನವರ ಮೊಣಕಾಲು ಬಿಡುವುದಿಲ್ಲ. ಹಾಗಾಗಿ ಬೆಂಗಳೂರಿನಿಂದ ವಾರಾಣಸಿಗೆ ವಿಮಾನದಲ್ಲೇ ಹೋಗೋಣ ಅಂತ ನಾಲ್ಕು ಜನರಿಗೆ ಹೋಗಿ ಬರುವ ಟಿಕೆಟ್ ಮಾಡಿದೆವು. ಒಟ್ಟು 58,000 ರೂಪಾಯಿ ಆಯಿತು. ನಮ್ಮ ಯಜಮಾನರ ಕಾರ್ಡಿನಲ್ಲಿ 20,000 ಪಾಯಿಂಟ್ಸ್ ಇದ್ದವು. ಅದನ್ನು ಆ್ಯಪ್‌ಗೆ ವರ್ಗ ಮಾಡಿದರೆ 5,000 ಕಾಯಿನ್, ಅಂದರೆ 5,000 ರೂಪಾಯಿ ಕಡಿತ. ಉಳಿದ 53,000 ರೂಪಾಯಿಯನ್ನು ಅದೇ ಕಾರ್ಡಿನಲ್ಲಿ ಕಟ್ಟಿದೆವು.

ಹೊರಡುವ ಮುಂಚೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಡಾಕ್ಟರು ಪ್ರಯಾಣ ಬೇಡವೇ ಬೇಡ ಅಂದರು. ಎಲ್ಲರೂ ಆಸ್ಪತ್ರೆಯಲ್ಲಿದ್ದಾಗ ನನ್ನ ಮೈದುನ ಫೋನಿನಲ್ಲೇ ಟಿಕೆಟ್ ಕ್ಯಾನ್ಸಲ್ ಮಾಡಿದ. ಪರದೆಯ ಮೇಲೆ ಎದ್ದು ಕಾಣುತ್ತಿದ್ದದ್ದು ಒಂದೇ ಬಟನ್: ‘ತಕ್ಷಣ ರೀಫಂಡ್ ಪಡೆಯಿರಿ’. ಅದನ್ನು ಒತ್ತಿದ ಮರುಕ್ಷಣವೇ ಆ್ಯಪ್‌ನಲ್ಲಿ 28,000 ಕಾಯಿನ್ ಬಂದು ಕೂತವು. ಬ್ಯಾಂಕಿಗೆ ಬರಬೇಕಾದ ದುಡ್ಡು ಬರಲೇ ಇಲ್ಲ.

ಆಮೇಲೆ ಮನೆಯಲ್ಲಿ ಎಲ್ಲರೂ ಸೇರಿ ಆ ಪರದೆಯನ್ನು ಬೇರೊಂದು ಬುಕಿಂಗ್‌ನಲ್ಲಿ ತೆಗೆದು ನೋಡಿದೆವು. ಹಣವನ್ನು ಕಾರ್ಡಿಗೇ ವಾಪಸ್ ಪಡೆಯುವ ಆಯ್ಕೆ ಇತ್ತು. ಆದರೆ ಅದು ಕೆಳಗಡೆ, ತಿಳಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ‘ಇತರೆ ವಿಧಾನಗಳು’ ಎಂಬ ಸಾಲಿನ ಒಳಗೆ ಅಡಗಿತ್ತು. ಇದು ಆ್ಯಪ್ ಬಳಸುವವರ ಅಜಾಗ್ರತೆ ಅಂತ ದಯವಿಟ್ಟು ಅನ್ನಬೇಡಿ. ಕಾಣಬಾರದು ಅಂತಲೇ ಅಲ್ಲಿ ಇಟ್ಟಿದ್ದಾರೆ. ಇಂಥ ತಂತ್ರಗಳಿಗೆ ಡಾರ್ಕ್ ಪ್ಯಾಟರ್ನ್ ಅನ್ನುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಒಂದು ಆಯ್ಕೆಯನ್ನು ಎತ್ತಿ ತೋರಿಸಿ ಇನ್ನೊಂದನ್ನು ಮಸುಕು ಮಾಡುವುದೂ ಆ ಪಟ್ಟಿಯಲ್ಲಿದೆ. ನೀವು ಕೇಳದೇ ಇನ್ಶೂರೆನ್ಸ್, ದೇಣಿಗೆ ಮುಂತಾದವನ್ನು ಬಿಲ್ಲಿಗೆ ಸೇರಿಸುವುದೂ ಇದೆ.

ಇನ್ನು ಆ ಕಾಯಿನ್‌ಗಳ ವಿಷಯ. ಒಂದು ಕಾಯಿನ್‌ಗೆ ಒಂದು ರೂಪಾಯಿ ಅಂತ ಬರೆದಿದ್ದಾರೆ, ನಿಜ. ಆದರೆ ಒಂದು ಬುಕಿಂಗ್‌ನಲ್ಲಿ ಟಿಕೆಟ್ ದರದ ಶೇ. 10ರಷ್ಟು ಮಾತ್ರ ಕಾಯಿನ್‌ನಲ್ಲಿ ಕಟ್ಟಬಹುದು. ಆರು ತಿಂಗಳಾದರೆ ಕಾಯಿನ್ ರದ್ದು. ಲೆಕ್ಕ ಹಾಕಿ ನೋಡಿ. 28,000 ಕಾಯಿನ್ ಖರ್ಚಾಗಬೇಕಾದರೆ ಆರು ತಿಂಗಳಲ್ಲಿ 2,80,000 ರೂಪಾಯಿಯ ಟಿಕೆಟ್ ಕೊಳ್ಳಬೇಕು! ನಮ್ಮಂಥ ಮನೆಯವರು ಎಲ್ಲಿಂದ ತರುವುದು? ನಾವು ಕೊಟ್ಟದ್ದು ಸಂಬಳದ ದುಡ್ಡು. ವಾಪಸ್ ಬಂದದ್ದು ರಿಯಾಯಿತಿ ಚೀಟಿ.

ಇಲ್ಲಿ ಇನ್ನೊಂದು ವಿಷಯ ತಿಳಿದಿರಲಿ. ಒಂದೇ ಕಂಪನಿಯಲ್ಲಿ ಮಾತ್ರ ಖರ್ಚು ಮಾಡಬಹುದಾದ, ನಗದಾಗಿ ತೆಗೆಯಲಾಗದ ವಾಲೆಟ್‌ಗೆ ಆರ್‌ಬಿಐ ಅನುಮತಿ ಬೇಕಿಲ್ಲ. ಹಾಲಿನಂಗಡಿಯಿಂದ ಹಿಡಿದು ಔಷಧಿ ಅಂಗಡಿವರೆಗೆ ನಾವು ಬಳಸುವ ಮಾಮೂಲಿ ಪಾವತಿ ವಾಲೆಟ್‌ಗಳ ಮೇಲೆ ಆರ್‌ಬಿಐ ಕಣ್ಣಿರುತ್ತದೆ. ಈ ಕಾಯಿನ್‌ಗಳ ಮೇಲೆ ಆ ಕಣ್ಣಿಲ್ಲ. ಎರಡೂ ಫೋನಿನಲ್ಲಿ ಒಂದೇ ಥರ ಕಾಣುತ್ತವೆ, ಅಷ್ಟೇ.

ಕಸ್ಟಮರ್ ಕೇರ್‌ನವರು ಹೇಳಿದ್ದು ಒಂದೇ ಮಾತು: ‘ನೀವೇ ಒಪ್ಪಿದ್ದೀರಿ, ಈಗ ಬದಲಾಯಿಸಲು ಬರುವುದಿಲ್ಲ.’ ಪ್ರತಿ ಸಲ ಬೇರೆ ಬೇರೆಯವರು, ಪ್ರತಿ ಸಲ ಕಥೆ ಮೊದಲಿನಿಂದ ಹೇಳಬೇಕು. ಕನ್ನಡದಲ್ಲಿ ಮಾತಾಡುವವರು ಸಿಗಲೇ ಇಲ್ಲ. ಮಾವನವರು ಪಾಪ, ತಮ್ಮ ಆಸೆಯಿಂದ ಮಕ್ಕಳಿಗೆ ನಷ್ಟವಾಯಿತು ಅಂತ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಕೊನೆಗೆ ವಿಮಾನ ಕಂಪನಿಯನ್ನೇ ನೇರವಾಗಿ ಕೇಳಿದೆವು. ಅವರು ಪಿಎನ್‌ಆರ್ ನೋಡಿ, ಕ್ಯಾನ್ಸಲ್ ಶುಲ್ಕ ಕಳೆದು 34,000 ರೂಪಾಯಿಯನ್ನು ಏಜೆನ್ಸಿಗೆ ಆಗಲೇ ಕಳಿಸಿದ್ದೇವೆ ಅಂತ ಮೇಲ್‌ನಲ್ಲಿ ಬರೆದುಕೊಟ್ಟರು. ಅಂದರೆ ನಿಜವಾದ ದುಡ್ಡು ಆ್ಯಪ್‌ನವರ ಖಾತೆ ಸೇರಿತ್ತು. ಅವರು ಅದರಲ್ಲಿ ಕಾಯಿನ್ ಲೆಕ್ಕದ 5,000 ಮತ್ತು ತಮ್ಮ ಸೇವಾ ಶುಲ್ಕ 1,000 ಹಿಡಿದುಕೊಂಡು, ಉಳಿದದ್ದಕ್ಕೆ ನಮಗೆ ಕಾಯಿನ್ ಕೊಟ್ಟಿದ್ದರು. ಆ ಒಂದು ಮೇಲ್ ನಮ್ಮ ಕೈಗೆ ಸಿಗದೇ ಇದ್ದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಇಂಥ ಕಷ್ಟದಲ್ಲಿರುವವರು ಮೊದಲು ಮಾಡಬೇಕಾದ ಕೆಲಸ ಇದೇ.

ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ರೀಫಂಡ್ ಬಗ್ಗೆ ನಿಯಮ ಮಾಡಿದೆ. ಹಣದ ಬದಲು ಕ್ರೆಡಿಟ್ ಇಟ್ಟುಕೊಳ್ಳುವುದು ಪ್ರಯಾಣಿಕರ ಇಷ್ಟಕ್ಕೆ ಬಿಟ್ಟದ್ದು, ವಿಮಾನ ಕಂಪನಿ ತಾನಾಗಿಯೇ ಹಾಗೆ ಮಾಡುವಂತಿಲ್ಲ. ಏಜೆಂಟ್ ಅಥವಾ ಪೋರ್ಟಲ್ ಮೂಲಕ ಟಿಕೆಟ್ ಕೊಂಡರೂ ರೀಫಂಡ್ ಕೊಡಿಸುವ ಹೊಣೆ ವಿಮಾನ ಕಂಪನಿಯದೇ, ಯಾಕೆಂದರೆ ಏಜೆಂಟರು ಅವರ ಪ್ರತಿನಿಧಿಗಳು. ಕ್ಯಾನ್ಸಲ್ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತಕ್ಕಿಂತ ಜಾಸ್ತಿ ಇರಕೂಡದು. ‘ನಾನ್ ರೀಫಂಡಬಲ್’ ಅಂತ ಬರೆದ ಆಫರ್ ಟಿಕೆಟ್ ಆದರೂ ಸರ್ಕಾರದ ತೆರಿಗೆ, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ವಾಪಸ್ ಕೊಡಲೇಬೇಕು. ಎಷ್ಟೋ ಜನ ಅದನ್ನು ಕೇಳುವುದೇ ಇಲ್ಲ. ಸಣ್ಣ ಮೊತ್ತ ಅಂತ ಬಿಡಬೇಡಿ, ನಾಲ್ಕು ಜನರಿಗೆ ಸೇರಿದರೆ ಸಣ್ಣದಲ್ಲ.

ಈ ನಿಯಮಗಳನ್ನು ಬರೆದು, ಆ ಮೇಲ್ ಲಗತ್ತಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ಕೊಟ್ಟೆವು. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಜೊತೆಗೆ ಕಾರ್ಡಿನ ಬ್ಯಾಂಕಿಗೂ ‘ಬರಬೇಕಾದ ರೀಫಂಡ್ ಬಂದಿಲ್ಲ’ ಅಂತ ಲಿಖಿತವಾಗಿ ತಕರಾರು ಹಾಕಿದೆವು. ಇದಕ್ಕೆ ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ಇದಕ್ಕೆ ಗಡುವು ಇರುತ್ತದೆ, ಕಸ್ಟಮರ್ ಕೇರ್‌ನವರು ‘ಇನ್ನೊಂದು ವಾರ ಕಾಯಿರಿ’ ಅಂದಾಗಲೆಲ್ಲ ಕಾಯುತ್ತಾ ಕೂತರೆ ಆ ಗಡುವು ಮುಗಿದುಹೋಗುತ್ತದೆ. ಎರಡೂ ಕಡೆಯಿಂದ ಒತ್ತಡ ಬಿದ್ದ ಮೇಲೆ 28,000 ರೂಪಾಯಿ ಕಾರ್ಡಿಗೆ ಬಂತು.

ಆದರೆ ಆ 20,000 ಪಾಯಿಂಟ್ಸ್ ಹೋದದ್ದು ಹೋಯಿತು. ಕಾರ್ಡಿನ ಪಾಯಿಂಟ್ಸನ್ನು ಒಮ್ಮೆ ಬೇರೆ ಕಂಪನಿಗೆ ವರ್ಗ ಮಾಡಿದರೆ ಸಾಮಾನ್ಯವಾಗಿ ವಾಪಸ್ ತರಲು ಬರುವುದಿಲ್ಲ. ವಿಮಾನ ಕಂಪನಿಯ ಮೈಲ್ಸ್ ಆದರೂ ಅಷ್ಟೇ, ಹೋಟೆಲ್ ಪಾಯಿಂಟ್ಸ್ ಆದರೂ ಅಷ್ಟೇ. ಅದಕ್ಕೇ ಹೇಳುವುದು, ಯಾವ ತಾರೀಖಿಗೆ ಯಾವ ವಿಮಾನ ಅಂತ ಗಟ್ಟಿಯಾಗುವವರೆಗೂ ಪಾಯಿಂಟ್ಸ್ ಕಾರ್ಡಿನಲ್ಲೇ ಇರಲಿ. ‘ಇವತ್ತು ವರ್ಗ ಮಾಡಿದರೆ ಶೇ. 25 ಬೋನಸ್’ ಅನ್ನುವ ಮೆಸೇಜ್ ನೋಡಿ ಅವಸರ ಬೇಡ.

ಆ್ಯಪ್‌ಗಳನ್ನೆಲ್ಲ ಅಳಿಸಿಬಿಡಿ ಅಂತ ನಾನು ಹೇಳುತ್ತಿಲ್ಲ. ದರ ಹೋಲಿಸಿ ನೋಡಲು ಅವು ನಿಜವಾಗಿಯೂ ಚೆನ್ನಾಗಿವೆ. ನೋಡುವುದು ಅಲ್ಲಿ ನೋಡಿ, ಕೊಳ್ಳುವುದು ವಿಮಾನ ಕಂಪನಿಯ ಸ್ವಂತ ಆ್ಯಪ್‌ನಲ್ಲಿ ಕೊಳ್ಳಿ. ಏರ್ ಇಂಡಿಯಾದ ಮಹಾರಾಜ ಕ್ಲಬ್, ಇಂಡಿಗೋದ ಬ್ಲೂಚಿಪ್ ಥರದ ಪಾಯಿಂಟ್ಸ್ ಅಲ್ಲೂ ಸಿಗುತ್ತವೆ. ದೊಡ್ಡ ಹೋಟೆಲ್ ಸರಪಳಿಗಳಲ್ಲಂತೂ ಹೊರಗಿನ ಆ್ಯಪ್‌ನಲ್ಲಿ ರೂಮು ಮಾಡಿದರೆ ಸಾಮಾನ್ಯವಾಗಿ ಅವರ ಪಾಯಿಂಟ್ಸ್ ಕೊಡುವುದೇ ಇಲ್ಲ. ನೇರವಾಗಿ ಕೊಂಡರೆ ಇನ್ನೊಂದು ಲಾಭ ಇದೆ. ವಿಮಾನದ ಸಮಯ ಬದಲಾದರೆ ಮೆಸೇಜ್ ನಿಮ್ಮ ಫೋನಿಗೇ ಬರುತ್ತದೆ. ಏಜೆನ್ಸಿಗಳು ಕೆಲವು ಸಲ ಬುಕಿಂಗ್‌ನಲ್ಲಿ ತಮ್ಮದೇ ನಂಬರ್ ಹಾಕಿರುತ್ತವೆ. ಬನಶಂಕರಿಯಿಂದ ವಿಮಾನ ನಿಲ್ದಾಣದ ವಾಯುವಜ್ರ ಬಸ್ ಹತ್ತಿ ಟ್ರಾಫಿಕ್‌ನಲ್ಲಿ ಅಷ್ಟು ದೂರ ದೇವನಹಳ್ಳಿ ಕಡೆ ಹೋದ ಮೇಲೆ ವಿಮಾನ ಬೆಳಗ್ಗೆಯೇ ಹೋಯಿತು ಅಂತ ಗೊತ್ತಾದರೆ ಏನು ಮಾಡುತ್ತೀರಿ?

ವಿಮಾನ ನಿಲ್ದಾಣದಲ್ಲಿ ಬಳಸುವ ಡಿಜಿಯಾತ್ರಾ ಆ್ಯಪ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಅದು ಬೇರೆ ಥರದ್ದು. 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿ ಈ ಮೂರು ನಿಲ್ದಾಣಗಳಲ್ಲೇ ಮೊದಲು ಶುರುವಾಯಿತು. ಮುಖ ತೋರಿಸಿ ಗೇಟು ದಾಟುವ ವ್ಯವಸ್ಥೆ, ದುಡ್ಡಿನ ವ್ಯವಹಾರ ಇಲ್ಲ. ಕಡ್ಡಾಯವೂ ಅಲ್ಲ.

ಈಗಾಗಲೇ ನಿಮ್ಮ ಖಾತೆಗೆ ದುಡ್ಡಿನ ಬದಲು ಕಾಯಿನ್ ಬಂದಿದೆಯಾ? ಅದರಲ್ಲಿ ಒಂದನ್ನೂ ಖರ್ಚು ಮಾಡಬೇಡಿ. ಬಳಸಿದರೆ ‘ನೀವು ಒಪ್ಪಿಕೊಂಡಂತೆ’ ಅಂತ ವಾದ ಮಾಡಲು ಅವರಿಗೆ ದಾರಿಯಾಗುತ್ತದೆ. ಕ್ಯಾನ್ಸಲ್ ಪರದೆಯ ಸ್ಕ್ರೀನ್‌ಶಾಟ್, ಚಾಟ್, ಮೇಲ್ ಎಲ್ಲವನ್ನೂ ತೆಗೆದಿಡಿ. 1915ರಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕಂಪನಿಯ ಕಚೇರಿ ಗುರುಗ್ರಾಮದಲ್ಲಿರಲಿ, ಮುಂಬೈನಲ್ಲಿರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಊರಿನಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು, ವಕೀಲರು ಬೇಕೇ ಬೇಕು ಅಂತಿಲ್ಲ. ನಾವು ಬರೆದ ದೂರಿನ ಮಾದರಿ ಯಾರಿಗಾದರೂ ಬೇಕಿದ್ದರೆ ಕೇಳಿ, ಖಂಡಿತ ಕಳಿಸುತ್ತೇನೆ.