ದೊಡ್ಡ ಪ್ರಾಜೆಕ್ಟ್‌ಗಳ ಎಕ್ಸ್‌ಪೋರ್ಟ್ ಮತ್ತು ರೀಪರ್: ಹಲವು ವರ್ಷಗಳ ಬಳಕೆಯ ನಂತರ

ಹಾಡು ಧ್ವನಿಮುದ್ರಿಸಿ ಮಿಕ್ಸ್ ಮಾಡುವ ತಂತ್ರಾಂಶವಾದ ರೀಪರ್ ಕುರಿತು ಬರೆಯುವವರು ಸಾಮಾನ್ಯವಾಗಿ ಅದರ ಬೆಲೆಯನ್ನೂ ಹಗುರವಾದ ಇನ್‌ಸ್ಟಾಲರನ್ನೂ ಮೆಚ್ಚಿಕೊಂಡು ಮಾತು ಮುಗಿಸುತ್ತಾರೆ. ಭಾವಗೀತೆ, ಭಕ್ತಿಗೀತೆ ಮತ್ತು ಕಿರುಚಿತ್ರಗಳ ಹಿನ್ನೆಲೆ ಸಂಗೀತವನ್ನು ಹಲವು ವರ್ಷಗಳಿಂದ ಇದರಲ್ಲೇ ಸಿದ್ಧಪಡಿಸುತ್ತಿರುವ ನನಗೆ ಇದು ಅನಿವಾರ್ಯವಾಗಿರುವುದು ಅದರ ರೆಂಡರ್ ವಿಂಡೋದ, ಅಂದರೆ ಮಿಕ್ಸನ್ನು ಆಡಿಯೊ ಫೈಲಾಗಿ ಎಕ್ಸ್‌ಪೋರ್ಟ್ ಮಾಡುವ ಜಾಗದ, ಕಾರಣಕ್ಕೆ. ಮಿಕ್ಸ್ ಎಷ್ಟೇ ಚೆನ್ನಾಗಿರಲಿ, ಗಾಯಕರ ಕೈ ಸೇರುವುದು ಎಕ್ಸ್‌ಪೋರ್ಟ್ ಆದ ಫೈಲ್ ಮಾತ್ರ.

ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಎದುರಾಗುವ ಅತಿ ಕೆಟ್ಟ ತೊಂದರೆಯೆಂದರೆ ಯಾವ ಎಚ್ಚರಿಕೆಯನ್ನೂ ಕೊಡದೆ ಸ್ವರಗಳು ಕಾಣೆಯಾಗುವುದು. ಪ್ಲೇ ಮಾಡಿದಾಗ ಸರಿಯಾಗಿಯೇ ಕೇಳುವ ಹಾಡಿನಲ್ಲಿ, ರೆಂಡರ್ ಆದ ಬಳಿಕ ಚರಣದ ಮೊದಲ ತಬಲಾ ಪೆಟ್ಟು ಇರುವುದಿಲ್ಲ, ಅಥವಾ ಚೆಲ್ಲೊ ಸ್ವರ ಅರ್ಧಕ್ಕೇ ನಿಂತಿರುತ್ತದೆ. ನಿಜವಾದ ವಾದ್ಯಗಳ ಧ್ವನಿಮುದ್ರಣಗಳಿಂದ ಕಟ್ಟಿದ ದೊಡ್ಡ ಸ್ಯಾಂಪಲ್ ಲೈಬ್ರರಿಗಳು ಪ್ರತಿ ಸ್ವರದ ಆರಂಭವನ್ನಷ್ಟೇ ಮೆಮೊರಿಯಲ್ಲಿಟ್ಟುಕೊಂಡು ಉಳಿದದ್ದನ್ನು ಡಿಸ್ಕ್‌ನಿಂದ ಓದುತ್ತಾ ಹೋಗುತ್ತವೆ. ಹಾಡನ್ನು ನುಡಿಸದೆ ಸಾಧ್ಯವಾದಷ್ಟು ಬೇಗ ಫೈಲ್ ಬರೆಯುವ ಪೂರ್ಣ ವೇಗದ ಆಫ್‌ಲೈನ್ ರೆಂಡರ್ ಆ ದತ್ತಾಂಶವನ್ನು ಹಾಡಿನ ಸಹಜ ವೇಗಕ್ಕಿಂತ ಹಲವು ಪಟ್ಟು ಬೇಗ ಕೇಳುತ್ತದೆ. ಒಳ್ಳೆಯ ಪ್ಲಗಿನ್ (ರೀಪರ್‌ನೊಳಗೆ ಸೇರಿಸಿಕೊಳ್ಳುವ ವಾದ್ಯ ಅಥವಾ ಎಫೆಕ್ಟ್ ಪ್ರೋಗ್ರಾಮ್) ಓದು ಮುಗಿಯುವವರೆಗೆ ರೆಂಡರನ್ನು ಕಾಯಿಸುತ್ತದೆ, ಕೆಲವು ಪ್ಲಗಿನ್‌ಗಳು ಕಾಯಿಸದೆ ಆ ಜಾಗದಲ್ಲಿ ನಿಶ್ಶಬ್ದವನ್ನು ಕೊಟ್ಟು ಮುಂದೆ ಹೋಗುತ್ತವೆ. ರೀಪರ್‌ನ ಉಪಕಾರ ಇಲ್ಲಿದೆ: ರೆಂಡರ್ ವೇಗದ ಪಟ್ಟಿಯಲ್ಲಿ ಪೂರ್ಣ ವೇಗವನ್ನು ಬಿಟ್ಟು ಒಂದು ಪಟ್ಟು ವೇಗದ ಆಫ್‌ಲೈನನ್ನೋ ಹಾಡನ್ನು ನುಡಿಸುತ್ತಲೇ ಬರೆಯುವ ಆನ್‌ಲೈನ್ ರೆಂಡರನ್ನೋ ಆರಿಸಿದರೆ ಐದು ನಿಮಿಷದ ಹಾಡಿಗೆ ಐದು ನಿಮಿಷ ಹಿಡಿಯುತ್ತದೆಯಾದರೂ ಇಂಥ ತೊಂದರೆಯ ಬಹುಪಾಲು ಅಲ್ಲಿಗೇ ಮುಗಿಯುತ್ತದೆ.

ರೆಂಡರ್‌ಗೆ ಮೊದಲು ನಾನು ತಪ್ಪದೆ ಪಾಲಿಸುವ ಕ್ರಮವೊಂದಿದೆ. ಪ್ರಾಜೆಕ್ಟನ್ನು ಹೊಸ ಹೆಸರಿನಲ್ಲಿ ಉಳಿಸಿ, ಬ್ರೌಸರ್ ಮುಚ್ಚಿ, ಪರ್ಫಾರ್ಮೆನ್ಸ್ ಮೀಟರ್ ತೆರೆದು ಯಾವ ಟ್ರ್ಯಾಕ್ ಹೆಚ್ಚು ಸಿಪಿಯು ತಿನ್ನುತ್ತಿದೆ ಎಂದು ನೋಡುತ್ತೇನೆ. ಭಾರವಾದವುಗಳನ್ನು ಫ್ರೀಜ್ ಮಾಡುತ್ತೇನೆ. ಫ್ರೀಜ್ ಆದ ಟ್ರ್ಯಾಕ್ ಆಡಿಯೊ ಆಗಿ ಬದಲಾಗಿ ಅದರ ಪ್ಲಗಿನ್ ಮೆಮೊರಿ ಬಿಟ್ಟುಕೊಡುತ್ತದೆ. ಆ ಆಡಿಯೊವನ್ನು ಕೇಳಿದರೆ, ಯಾವುದಾದರೂ ಸ್ವರ ಕಾಣೆಯಾಗಿದ್ದಲ್ಲಿ ಆಗಲೇ ಗೊತ್ತಾಗುತ್ತದೆ. ಕೊನೆಯ ತಂಬೂರ ಮತ್ತು ರಿವರ್ಬ್ (ಪ್ರತಿಧ್ವನಿ) ಕತ್ತರಿಸಿ ಹೋಗದಂತೆ, ಹಾಡು ಮುಗಿದ ಮೇಲೂ ರೆಂಡರ್ ಮುಂದುವರಿಯುವ ಟೇಲ್ ಅವಧಿಯನ್ನು ಹೆಚ್ಚಿಸುತ್ತೇನೆ. ರೆಂಡರ್ ಆದ ಫೈಲನ್ನು ಅದೇ ಪ್ರಾಜೆಕ್ಟಿನ ಹೊಸ ಟ್ರ್ಯಾಕ್‌ಗೆ ತಂದು ಅದರ ಫೇಸನ್ನು (ಧ್ವನಿತರಂಗದ ಏರಿಳಿತವನ್ನು) ತಲೆಕೆಳಗಾಗಿ ತಿರುಗಿಸಿ, ಎಲ್ಲ ಟ್ರ್ಯಾಕ್‌ಗಳೂ ಸೇರುವ ಮಾಸ್ಟರ್‌ನಲ್ಲಿ ಯಾವ ಎಫೆಕ್ಟೂ ಇಲ್ಲದಿದ್ದಾಗ, ಮೂಲ ಮಿಕ್ಸ್ ಜೊತೆ ನುಡಿಸುತ್ತೇನೆ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ರದ್ದುಮಾಡಿ ಏನೂ ಕೇಳಿಸುವುದಿಲ್ಲ, ಕಳೆದುಹೋದ ತಬಲಾ ಪೆಟ್ಟು ಮಾತ್ರ ಒಂಟಿಯಾಗಿ ಎದ್ದು ಕೇಳಿಸುತ್ತದೆ. ಪ್ರತಿ ಸಲ ಬೇರೆ ಸ್ಯಾಂಪಲ್ ಆರಿಸಿಕೊಳ್ಳುವ ವಾದ್ಯಗಳಿದ್ದಲ್ಲಿ ಈ ಪರೀಕ್ಷೆ ಉಪಯೋಗಕ್ಕೆ ಬರುವುದಿಲ್ಲವಾದ್ದರಿಂದ ಅಂಥವನ್ನು ಮೊದಲೇ ಫ್ರೀಜ್ ಮಾಡಿಟ್ಟುಕೊಳ್ಳಬೇಕು.

ನನ್ನ ಉತ್ಸಾಹ ತಗ್ಗುವುದು ಪ್ಲಗಿನ್ ತಯಾರಕರ ವಿಷಯದಲ್ಲಿ. ರೀಪರ್‌ನೊಂದಿಗೆ ದೊಡ್ಡ ವಾದ್ಯ ಸಂಗ್ರಹ ಬರುವುದಿಲ್ಲ, ವೀಣೆಗೂ ಕೊಳಲಿಗೂ ಬೇರೆಯವರನ್ನೇ ಅವಲಂಬಿಸಬೇಕು. ನಾನು ದುಬಾರಿ ಬೆಲೆ ಕೊಟ್ಟು ಕೊಂಡ ಒಂದು ಕೊಳಲಿನ ಲೈಬ್ರರಿ, ಟ್ರ್ಯಾಕ್‌ಗಳ ಸಂಖ್ಯೆ ಹೆಚ್ಚಾದಂತೆ ರೆಂಡರ್‌ನ ನಡುವೆಯೇ ಇಡೀ ಪ್ರೋಗ್ರಾಮನ್ನು ಬೀಳಿಸುತ್ತಿತ್ತು. ವಿವರವಾಗಿ ಬರೆದ ಪತ್ರಕ್ಕೆ ತಯಾರಕರಿಂದ ಬಂದ ಉತ್ತರ, ಮತ್ತೆ ಇನ್‌ಸ್ಟಾಲ್ ಮಾಡಿ ನೋಡಿ ಎಂಬುದಷ್ಟೇ. ಹಣ ಪಡೆದವರು ಇಷ್ಟು ಉದಾಸೀನರಾಗಬಾರದು. ಪ್ಲಗಿನ್ನನ್ನು ಪ್ರತ್ಯೇಕ ಪ್ರಕ್ರಿಯೆಯಾಗಿ ಓಡಿಸುವ ಆಯ್ಕೆ ರೀಪರ್‌ನಲ್ಲಿದೆ. ಹಾಗೆ ಓಡಿಸಿದಾಗ ಆ ಕೊಳಲು ಕುಸಿದರೂ ಉಳಿದ ಪ್ರಾಜೆಕ್ಟ್ ಹಾಗೇ ಉಳಿಯಿತು. ಆ ಒಂದು ಟ್ರ್ಯಾಕನ್ನು ಬೇರೆಯಾಗಿ ಸ್ಟೆಮ್ (ಒಂಟಿ ಆಡಿಯೊ ಫೈಲ್) ಮಾಡಿಕೊಂಡು ಹಾಡನ್ನು ಮುಗಿಸಿದೆ.

ಇನ್ನೊಂದು ಬಗೆಯ ವೈಫಲ್ಯಕ್ಕೆ ಪ್ಲಗಿನ್‌ಗಳು ಕಾರಣವಲ್ಲ. ಸಾಮಾನ್ಯ ವೇವ್ ಫೈಲಿನ ಹೆಡರ್ (ಆರಂಭದ ಮಾಹಿತಿ ಭಾಗ) ಫೈಲಿನ ಗಾತ್ರವನ್ನು 32 ಬಿಟ್‌ಗಳಲ್ಲಿ ಬರೆದುಕೊಳ್ಳುವುದರಿಂದ ಅದು 4 ಜಿಬಿ ದಾಟುವಂತಿಲ್ಲ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊಗೆ ಗಂಟೆಗೆ ಸುಮಾರು 1 ಜಿಬಿ ಬೇಕಾಗುವ ಕಾರಣ, ಹಾಡು ಮಾಡುವವರಿಗೆ ಈ ಮಿತಿ ತಿಳಿಯುವುದೇ ಇಲ್ಲ. ಇಡೀ ರಾತ್ರಿಯ ಯಕ್ಷಗಾನವನ್ನು ಒಂದೇ ಫೈಲಾಗಿ ಕೊಡಬೇಕಾದವರಿಗೆ ನಾಲ್ಕು ಗಂಟೆಯ ಸುಮಾರಿಗೆ ಎದುರಾಗುತ್ತದೆ. 96 ಕಿಲೋಹರ್ಟ್ಸ್, 32 ಬಿಟ್ ಆದರೆ ಒಂದೂವರೆ ಗಂಟೆಗೇ. ರೀಪರ್‌ನ ವೇವ್ ಆಯ್ಕೆಗಳಲ್ಲಿ ಇದನ್ನು ಮೀರುವ ವೇವ್64 ಮತ್ತು ಆರ್‌ಎಫ್64 ಸ್ವರೂಪಗಳಿವೆ. ಫ್ಯಾಟ್32 ಎಂಬ ಹಳೆಯ ಫೈಲ್ ವ್ಯವಸ್ಥೆಯ ಪೆನ್‌ಡ್ರೈವ್‌ಗೂ ಒಂದು ಫೈಲಿಗೆ 4 ಜಿಬಿಯೇ ಮಿತಿಯಾಗಿರುವುದರಿಂದ ನೇರವಾಗಿ ಅದರೊಳಕ್ಕೆ ರೆಂಡರ್ ಮಾಡಬಾರದು.

ವರ್ಷಕ್ಕೆ 20,000 ಡಾಲರ್ ಮೀರದ ಆದಾಯದವರಿಗೆ ರೀಪರ್‌ನ ಪರವಾನಗಿ 60 ಡಾಲರ್. ಕೊಳ್ಳುವ ಮೊದಲು 60 ದಿನ ಎಲ್ಲ ಸೌಲಭ್ಯಗಳೊಂದಿಗೆ ಬಳಸಿ ನೋಡಬಹುದು. ಮನೆಯ ಒಂದು ಕೋಣೆಯಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಇದು ಹೊರೆಯಲ್ಲ. ಎಕ್ಸ್‌ಪೋರ್ಟ್ ಪದೇ ಪದೇ ಕೈಕೊಡುತ್ತಿದ್ದರೆ ಹೊಸ ಕಂಪ್ಯೂಟರ್‌ಗೆ ಹಣ ಹಾಕುವ ಮೊದಲು ಆ 60 ದಿನಗಳಲ್ಲಿ ನಿಮ್ಮ ಅತಿ ಭಾರವಾದ ಹಾಡನ್ನೇ ಇದರಲ್ಲಿ ಕಟ್ಟಿ, ಒಂದು ಪಟ್ಟು ವೇಗದಲ್ಲಿ ರೆಂಡರ್ ಮಾಡಿ ನೋಡಿ.