‘ರಾತ್ರಿ ಮೀನು ಸರ್, ಹಗಲು ತಿನ್ನಲ್ಲ’ ಅಂದರೆ ನಂಬಬೇಡಿ

ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಅಂಗಡಿಯಿಂದ ರಾತ್ರಿ ಬಸ್ಸಿನ ಪಾರ್ಸಲ್‌ನಲ್ಲಿ ಬಳ್ಳಾರಿಗೆ ಬಂದ, ಅಕ್ವೇರಿಯಂನಲ್ಲಿ ಸಾಕುವ ಬಂಗಾಯಿ ಕಾರ್ಡಿನಲ್ ಎಂಬ ಸಮುದ್ರದ ಮೀನುಗಳು ವಾರ ಕಳೆಯೋದರೊಳಗೆ ಒಂದೊಂದಾಗಿ ಸತ್ತವು. ಮೊದಲ ದಿನದಿಂದಲೂ ಆಹಾರ ಮುಟ್ಟಿರಲಿಲ್ಲ. ಅಂಗಡಿಯವರು ಹೇಳಿದ್ದು ಒಂದೇ: ಇದು ರಾತ್ರಿ ಮೀನು, ಹಗಲು ಸುಮ್ಮನೆ ನಿಂತಿರುತ್ತೆ, ಗಾಬರಿ ಬೇಡ.

ಕಾರ್ಡಿನಲ್ ಜಾತಿಯ ಬಹುತೇಕ ಮೀನು ಹಗಲು ಹವಳದ ಸಂದಿಯಲ್ಲಿ ಅಡಗಿ ಕತ್ತಲಾದ ಮೇಲೆ ಬೇಟೆಗೆ ಹೊರಡೋದು ನಿಜ. ಆದರೆ ಇಂಡೋನೇಷ್ಯಾದ ಬಂಗಾಯಿ ದ್ವೀಪಗಳ ಈ ಮೀನು ಹಗಲೂ ತಿನ್ನುತ್ತದೆ. ಆರೋಗ್ಯವಾಗಿದ್ದರೆ ರೆಕ್ಕೆ ಬಿಚ್ಚಿಕೊಂಡು ನಿಂತಲ್ಲೇ ತೇಲುತ್ತಿರುತ್ತೆ, ಮೈಸಿಸ್ ಅನ್ನೋ ಪುಟ್ಟ ಸೀಗಡಿ ಹಾಕಿದ ಕೂಡಲೇ ಕಣ್ಣು ಅತ್ತ ತಿರುಗುತ್ತೆ. ರೋಗದ ಮೀನೂ ನಿಂತೇ ಇರುತ್ತೆ, ಮೋಸ ಇರೋದು ಇಲ್ಲೇ. ಹತ್ತಿರದಿಂದ ನೋಡಿ: ಬೆಳ್ಳಿ ಮೈ ಮಂಕಾಗಿ ಕಪ್ಪಿಟ್ಟಿದೆಯೇ, ಹೊಟ್ಟೆ ಒಳಗೆ ಹೋಗಿದೆಯೇ, ಕಿವಿರು ಬೇಗ ಬೇಗ ಬಡಿಯುತ್ತಿದೆಯೇ, ಹಿಂದೆ ಬಿಳಿ ದಾರದಂಥ ಮಲ ಜೋತಾಡುತ್ತಿದೆಯೇ? ಸಮುದ್ರದಿಂದ ಹಿಡಿದು ತಂದ ಬಂಗಾಯಿಗಳಿಗೆ ಬರುವ ಇರಿಡೋವೈರಸ್ ರೋಗದ ಲಕ್ಷಣ ಹೀಗೇ ಇರುತ್ತೆ. ಅದಕ್ಕೆ ಔಷಧಿ ಇಲ್ಲ. ಹಾಗಾಗಿ ದುಡ್ಡು ಹಾಕುವ ಮುಂಚೆ ಅದೇ ಮೀನು ತಿನ್ನುವ ವಿಡಿಯೋ ಕೇಳಿ. ಟ್ಯಾಂಕ್‌ನಲ್ಲೇ ಹುಟ್ಟಿದ ಮರಿಯಾದರೆ ಸ್ವಲ್ಪ ರೇಟ್ ಜಾಸ್ತಿಯಾದರೂ ಅದನ್ನೇ ತಗೊಳ್ಳಿ. ಬಂದ ಮೀನನ್ನು ನಾಲ್ಕು ವಾರವಾದರೂ ಬೇರೆ ಟ್ಯಾಂಕ್‌ನಲ್ಲಿಡಿ.

ಮೀನು ಹೊಸ ನೀರಿಗೆ ಹೊಂದಿಕೊಳ್ಳಲಿ ಅಂತ ಪಾರ್ಸಲ್ ಚೀಲ ಬಿಚ್ಚಿ ಅದಕ್ಕೆ ಗಂಟೆಗಟ್ಟಲೆ ಹನಿ ಹನಿ ಟ್ಯಾಂಕ್ ನೀರು ಬಿಡೋದು ಇನ್ನೊಂದು ತಪ್ಪು. ಕಟ್ಟಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತೆ (ನೀರು ಹುಳಿಯತ್ತ ವಾಲಿರುತ್ತೆ), ಹಾಗಾಗಿ ಮೀನು ಹೊರಬಿಟ್ಟ ಅಮೋನಿಯಾ ಅಷ್ಟು ವಿಷವಾಗಿರಲ್ಲ. ಬಿಚ್ಚಿದ ಮೇಲೆ ಪಿಎಚ್ ಏರಿ ಅದೇ ಅಮೋನಿಯಾ ಕಿವಿರು ಸುಡುತ್ತೆ. ಅಂಗಡಿಯ ಟ್ಯಾಂಕ್ ನೀರಿನ ಉಪ್ಪಿನ ಮಟ್ಟ ಮೊದಲೇ ಕೇಳಿ, ಬೇರೆ ಟ್ಯಾಂಕ್‌ನ ನೀರನ್ನು ಅದಕ್ಕೆ ಹೊಂದಿಸಿಡಿ. ಮುಚ್ಚಿದ ಚೀಲವನ್ನು 15–20 ನಿಮಿಷ ತೇಲಿಬಿಡಿ, ಆಮೇಲೆ ಮೀನನ್ನಷ್ಟೇ ಒಳಗೆ ಬಿಡಿ, ಚೀಲದ ನೀರು ಚೆಲ್ಲಿ.

ನೀರಿನ ವಿಷಯ. ಬೋರ್ ನೀರು ಬೇಡವೇ ಬೇಡ, ಆರ್‌ಒ ನೀರೇ ಆಗಬೇಕು. ಅಡುಗೆಯ ಹರಳುಪ್ಪು ಕರಗಿಸಿದರೆ ಸಮುದ್ರದ ನೀರಾಗಲ್ಲ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕಾದಷ್ಟು ಇರಲ್ಲ. ಮರೈನ್ ಸಾಲ್ಟ್ 100 ಲೀಟರಿಗೆ ಸುಮಾರು ಮೂರೂವರೆಯಿಂದ ನಾಲ್ಕು ಕೆ.ಜಿ., ಉಪ್ಪಿನ ಮಟ್ಟ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ 1.025 ಬರಬೇಕು.

ನಮ್ಮ ಬಿಸಿಲು ಗೊತ್ತೇ ಇದೆ. ಈ ಮೀನಿಗೆ 24ರಿಂದ 27 ಡಿಗ್ರಿ ಬೇಕು, ಏಪ್ರಿಲ್‌ನಲ್ಲಿ ಮನೆಯೊಳಗಿನ ಟ್ಯಾಂಕ್ ಕೂಡ 32 ದಾಟುತ್ತೆ. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ. ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಇಲ್ಲದಿದ್ದರೆ ನೀರಿನ ಮೇಲೆ ಗಾಳಿ ಬೀಸುವ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತೆ, ಒಣ ಹವೆಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತೆ. ಆದರೆ ಆವಿಯಾಗೋದು ನೀರು ಮಾತ್ರ, ಉಪ್ಪಲ್ಲ. ಕಡಿಮೆಯಾದಷ್ಟಕ್ಕೆ ದಿನವೂ ಬರೀ ಆರ್‌ಒ ನೀರು ಹಾಕಿ, ಉಪ್ಪುನೀರು ಹಾಕಿದರೆ ಮಟ್ಟ ಏರುತ್ತಲೇ ಹೋಗುತ್ತೆ. ಕರೆಂಟ್ ಹೋದಾಗ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಒಂದಿರಲಿ.

ಐದಾರು ಒಟ್ಟಿಗಿದ್ದರೆ ಚೆಂದ ಅಂತ ಸಣ್ಣ ಟ್ಯಾಂಕಿಗೂ ಮಾರುತ್ತಾರೆ. ದೊಡ್ಡವಾಗಿ ಒಂದು ಜೋಡಿ ಕೂಡಿದರೆ ಉಳಿದವನ್ನು ಕಚ್ಚಿ ಮುಗಿಸುತ್ತವೆ.

ಗ್ಯಾರಂಟಿ ಅಂತ ಹೇಳೋದು ಸಾಮಾನ್ಯವಾಗಿ ಚೀಲದಲ್ಲೇ ಸತ್ತು ಬಂದ ಮೀನಿಗೆ ಮಾತ್ರ, ಅದಕ್ಕೂ ಚೀಲ ಬಿಚ್ಚುವ ಮುಂಚಿನ ವಿಡಿಯೋ ಬೇಕು ಅಂತಾರೆ. ನಾಲ್ಕನೇ ದಿನ ಸತ್ತರೆ ಪೈಸೆಯೂ ವಾಪಸ್ ಬರಲ್ಲ.