ಟೊಂಗರಿರೊ: ಷಟಲ್ ಬುಕ್ ಆಗಿದೆ ಅಂತ ಹತ್ತಬೇಡಿ

ನ್ಯೂಜಿಲೆಂಡಿನ ಟೊಂಗರಿರೊ ಆಲ್ಪೈನ್ ಕ್ರಾಸಿಂಗ್ ಎನ್ನುವ ಜ್ವಾಲಾಮುಖಿ ಬೆಟ್ಟದ ಒಂದು ದಿನದ ಚಾರಣಕ್ಕೆ ಡಿಸೆಂಬರ್ ರಜೆಯಲ್ಲಿ (ಅಲ್ಲಿ ಆಗ ಬೇಸಿಗೆ) ಹೊರಟವರು ಇದನ್ನೊಮ್ಮೆ ಓದಿ. ಜೀನ್ಸ್, ಓಡುವ ಶೂ, ತಲೆಗೊಂದು ಅರ್ಧ ಲೀಟರ್ ನೀರು. ಇಷ್ಟರಲ್ಲೇ ಹೊರಟ ನಾಲ್ವರ ಗುಂಪೊಂದು ರೆಡ್ ಕ್ರೇಟರ್ ಎನ್ನುವ ಜ್ವಾಲಾಮುಖಿ ಕುಳಿಯ ಏಣಿನ ಮೇಲೆ ಗಾಳಿ, ಮಳೆಗೆ ಸಿಕ್ಕಿಬಿತ್ತು. ಒಬ್ಬರ ಮಂಡಿ ಉಳುಕಿತು. ಕೊನೆಯ ಷಟಲ್ (ಚಾರಣಿಗರನ್ನು ಕರೆದೊಯ್ಯುವ ಗಾಡಿ) ಹೊರಟು ಎರಡು ಗಂಟೆಯಾದ ಮೇಲೆ ಕೆಳಗೆ ತಲುಪಿದರು. ಬೆಳಿಗ್ಗೆಯೇ ಮೋಡ ಕವಿದಿತ್ತು. ಬುಕ್ ಮಾಡಿದ ದುಡ್ಡು ಹೋಗುತ್ತದಲ್ಲ ಅಂತ ಹತ್ತಿದ್ದು.

ಈ ದಾರಿಯ ಪೇಚು ಇರುವುದೇ ಇಲ್ಲಿ. ಮಂಗಟೆಪೊಪೊದಲ್ಲಿ (1120 ಮೀಟರ್) ಶುರುವಾಗಿ, ರೆಡ್ ಕ್ರೇಟರಿನಲ್ಲಿ 1886 ಮೀಟರ್ ಮುಟ್ಟಿ, ಕೆಟೆಟಾಹಿಯಲ್ಲಿ (760 ಮೀಟರ್) ಮುಗಿಯುವ ಸುಮಾರು 20 ಕಿ.ಮೀ. ನಡಿಗೆ. 7–8 ಗಂಟೆ ಬೇಕು. ಬೇಸಿಗೆಯಲ್ಲಿ ಮಂಗಟೆಪೊಪೊದಲ್ಲಿ ಕಾರು ನಿಲ್ಲಿಸಲು ನಾಲ್ಕು ಗಂಟೆಯ ಮಿತಿ ಇರುವುದರಿಂದ ಎಲ್ಲರೂ ಷಟಲ್ ಹಿಡಿಯುತ್ತಾರೆ. ವಾಪಸ್ ಗಾಡಿ ಇರುವುದು ಬೆಟ್ಟದ ಆಚೆ ಬದಿಯಲ್ಲಿ. ಹಾಗಾಗಿ ಹಿಂತಿರುಗಲು ಮನಸ್ಸೇ ಬರುವುದಿಲ್ಲ. ಕೆಟೆಟಾಹಿ ಕಡೆ ಇರುವ ಪಾರ್ಕ್ ಅಂಡ್ ರೈಡ್‌ನಲ್ಲಿ ಕಾರು ಬಿಟ್ಟು, ಬೆಳಿಗ್ಗೆಯ ಷಟಲ್‌ನಲ್ಲಿ ಮಂಗಟೆಪೊಪೊಗೆ ಹೋಗಿ ಅಲ್ಲಿಂದ ನಡೆದರೆ ಕೊನೆಯ ಗಾಡಿಯ ತಲೆಬಿಸಿಯೇ ಇಲ್ಲ. ಹವಾಮಾನ ಕೆಟ್ಟರೆ ಹಣ ವಾಪಸ್ ಬರುತ್ತದೋ, ದಿನ ಬದಲಿಸಬಹುದೋ ಅಂತ ಬುಕ್ ಮಾಡುವ ಮೊದಲೇ ಕೇಳಿ.

ಕುಮಾರಪರ್ವತ ಹತ್ತಿದವರಿಗೆ ಇಲ್ಲಿನ ಏರು ಅರ್ಧದಷ್ಟು ಅನ್ನಿಸೀತು, ನಿಜವೇ. ಆದರೆ ಇಲ್ಲಿ ಬಹುಪಾಲು ದಾರಿಗೆ ಒಂದು ಮರದ ಮರೆ ಇಲ್ಲ. 1000 ಮೀಟರ್ ಏರಿದರೆ ಸುಮಾರು 6 ಡಿಗ್ರಿ ಇಳಿಯುತ್ತದೆ, ಗಾಳಿಯ ಕೊರೆತ ಬೇರೆ. ಒದ್ದೆಯಾದ ಜೀನ್ಸ್ ಮೈಬಿಸಿಯನ್ನೆಲ್ಲ ಹೀರುತ್ತದೆ. ಉಣ್ಣೆ ಅಥವಾ ಥರ್ಮಲ್ ಒಳಂಗಿ, ನೀರು ನುಸುಳದ ಜಾಕೆಟ್ ಮತ್ತು ಪ್ಯಾಂಟ್, ಕೈಗವಸು, ಟೋಪಿ ಚೀಲದಲ್ಲಿರಲಿ. ಬಿಸಿಲಿದ್ದರೆ ಸನ್‌ಸ್ಕ್ರೀನ್ ಬೇಕೇಬೇಕು. ಅಲ್ಲಿನ ಬಿಸಿಲು ತಣ್ಣಗೆ ಕಂಡರೂ ಸುಡುತ್ತದೆ. ನೀರು ತಲೆಗೆ 2–3 ಲೀಟರ್. ದಾರಿಯ ತೊರೆಗಳಲ್ಲಿ ಜ್ವಾಲಾಮುಖಿಯ ಖನಿಜ ಬೆರೆತಿರುತ್ತದೆ, ಕುಡಿಯಬೇಡಿ.

ನಿರ್ಧಾರದ ಜಾಗ ಸೋಡಾ ಸ್ಪ್ರಿಂಗ್ಸ್. ಅಲ್ಲಿಂದ ಡೆವಿಲ್ಸ್ ಸ್ಟೇರ್‌ಕೇಸ್ ಎನ್ನುವ ಕಡಿದಾದ ಏರು ಶುರು. ಮೇಲೆ ಮೋಡ ಕೂತಿದ್ದರೆ, ಗಾಳಿಗೆ ಹೆಜ್ಜೆ ತಪ್ಪುತ್ತಿದ್ದರೆ, ಗುಂಪಿನಲ್ಲಿ ಒಬ್ಬರು ಆಗಲೇ ಸುಸ್ತಾಗಿದ್ದರೆ ಅಲ್ಲೇ ತಿರುಗಿ. ರೆಡ್ ಕ್ರೇಟರ್ ದಾಟಿದ ಮೇಲೆ ಹಿಂದೆ ಬರುವುದೂ ಮುಂದೆ ಹೋದಷ್ಟೇ ಕಷ್ಟ.

ಮಂಡಿ ಕೆಡುವುದು ಹತ್ತುವಾಗಲ್ಲ, ರೆಡ್ ಕ್ರೇಟರಿನಿಂದ ಎಮರಾಲ್ಡ್ ಸರೋವರಗಳಿಗೆ ಇಳಿಯುವಾಗ. ಅಲ್ಲಿರುವುದು ಸ್ಕೋರಿಯಾ: ತೂತುತೂತಾದ, ಜಲ್ಲಿಯಂತೆ ಉರುಳುವ ಲಾವಾ ಕಲ್ಲು. ಹೆದರಿ ಹಿಂದಕ್ಕೆ ವಾಲಿದರೆ ಅಂಗಾಲು ಜಾರಿ ಕುಂಡೆ ಊರುತ್ತದೆ. ದೇಹ ಸ್ವಲ್ಪ ಮುಂದಕ್ಕೆ, ಮಂಡಿ ಸಡಿಲ, ಹಿಮ್ಮಡಿ ಊರಿ ಚಿಕ್ಕ ಹೆಜ್ಜೆ. ಕೋಲಿದ್ದರೆ ಅನುಕೂಲ. ಪಾದದ ಗಂಟು ಮುಚ್ಚುವ ಬೂಟು ಇಲ್ಲದಿದ್ದರೆ ಹರಳು ಒಳಗೆ ನುಗ್ಗಿ ಸಾಕ್ಸ್ ಅರೆಯುತ್ತದೆ. ಮುಂದಿನ ಬ್ಲೂ ಲೇಕ್ ಮಾವೋರಿಗಳಿಗೆ ಪವಿತ್ರ. ನೀರು ಮುಟ್ಟಬಾರದು, ದಡದಲ್ಲಿ ತಿನ್ನಬಾರದು. ನೌರುಹೋಯಿ ಶಿಖರವೂ ಹಾಗೆಯೇ, ಹತ್ತುವ ಆಸೆ ಬಿಡಿ.

ಇದು ಸತ್ತ ಜ್ವಾಲಾಮುಖಿಯಲ್ಲ. 2012ರ ಆಗಸ್ಟ್ ಮತ್ತು ನವೆಂಬರಿನಲ್ಲಿ ಟೆ ಮಾರಿ ಕುಳಿ ಸಿಡಿಯಿತು, ಆಗಸ್ಟಿನಲ್ಲಿ ಕೆಟೆಟಾಹಿ ತಂಗುಮನೆಯ ಚಾವಣಿಯನ್ನು ಬಂಡೆಗಳು ತೂತು ಮಾಡಿದವು. ಹೊರಡುವ ದಿನ ಜಿಯೋನೆಟ್‌ನಲ್ಲಿ (ಜ್ವಾಲಾಮುಖಿಗಳ ಮೇಲೆ ಕಣ್ಣಿಡುವ ಅಲ್ಲಿನ ಸಂಸ್ಥೆಯ ವೆಬ್‌ಸೈಟ್) ಜ್ವಾಲಾಮುಖಿಯ ಎಚ್ಚರಿಕೆಯ ಮಟ್ಟ ನೋಡಿ. ಮೊಬೈಲ್ ಸಿಗ್ನಲ್ ಎಲ್ಲೆಡೆ ಸಿಗದು. ಬಾಡಿಗೆಗೆ ಲೊಕೇಟರ್ ಬೀಕನ್ (ಉಪಗ್ರಹದ ಮೂಲಕ ನೆರವು ಕೇಳುವ ಸಾಧನ) ಸಿಕ್ಕರೆ ತಗೊಳ್ಳಿ. ಸಿಗ್ನಲ್ ಇದ್ದರೆ ತುರ್ತು ಸಂಖ್ಯೆ 111. ಕ್ರ್ಯಾಂಪನ್, ಐಸ್ ಆಕ್ಸ್ (ಹಿಮದಲ್ಲಿ ನಡೆಯಲು ಬೂಟಿಗೆ ಕಟ್ಟುವ ಮುಳ್ಳುಪಟ್ಟಿ, ಹಿಮಗೊಡಲಿ) ಬಳಸಿ ಗೊತ್ತಿಲ್ಲದವರು ಚಳಿಗಾಲದಲ್ಲಿ ಗೈಡ್ ಇಲ್ಲದೆ ಆ ಕಡೆ ಹೋಗುವುದೇ ಬೇಡ.